ಗಾಂಧಾರಿ ಗಿಡದ ತೊಂಬತ್ತಾರು ದಿನ

ಅಪ್ಪನ ಫೋನು ಬಂದಾಗ ಅಪರ್ಣಾ ಎಡಪ್ಪಳ್ಳಿಯ ಸ್ಟುಡಿಯೋದಲ್ಲಿ ಕುಳಿತು, ಕಟ್ಟುತ್ತಿರುವ ಒಂದು ಮೇಲ್ಸೇತುವೆಯ ಮೇಲಿಂದ ಕಾಗೆಗಳನ್ನು ಅಳಿಸುತ್ತಿದ್ದಳು.

"ಚಾ ಆಯ್ತಾ?"

"ಆಯ್ತು. ನಿಮ್ಮದು?"

"ಆಯ್ತು."

ಅಮ್ಮ ಹೋದ ಮೇಲಿನ ಹನ್ನೊಂದು ತಿಂಗಳಲ್ಲಿ ಅಪ್ಪ ಮಗಳ ಮಾತು ಇಲ್ಲಿಗೇ ಬಂದು ನಿಲ್ಲುತ್ತಿತ್ತು. ಇಡುವ ಮೊದಲು ಒಂದಷ್ಟು ಹೊತ್ತು ಇಬ್ಬರೂ ಫೋನನ್ನು ಹಾಗೆಯೇ ಕಿವಿಗೆ ಹಿಡಿದುಕೊಂಡಿರುತ್ತಿದ್ದರು. ತಿರುವನಂತಪುರದ ಮನೆಯ ಫ್ಯಾನು ಇವಳಿಗೆ ಕೇಳಿಸುತ್ತಿತ್ತು, ಇಲ್ಲಿನ ಬಸ್ಸುಗಳ ಹಾರ್ನು ಅವನಿಗೆ. ಆ ದಿನ ಮಾತ್ರ ಅಪ್ಪ ಅಚ್ಯುತ ಇನ್ನೂ ಒಂದು ಮಾತು ಆಡಿದ.

"ಆ ಗಾಂಧಾರಿ ಮೆಣಸಿನ ಗಿಡದ ಸಿನೆಮಾ ಎಂತಾಯ್ತು ಮಗಳೇ?"

ಅಪರ್ಣಾಳ ಕೈ ಮೌಸಿನ ಮೇಲೆ ನಿಂತಿತು.

"ಅದು ಅರ್ಧದಲ್ಲೇ ಉಂಟು ಅಪ್ಪ."

"ಬರುವ ತಿಂಗಳು ಅಮ್ಮನ ವರ್ಷಾಂತ. ಬದಿಯಡ್ಕದಿಂದ ಎಲ್ಲ ಬರ್ತಾರೆ. ಅವರೆಲ್ಲ ಬರುವ ಮೊದಲು ನಾನು ಒಬ್ಬನೇ ಕೂತು ಒಮ್ಮೆ ನೋಡಬೇಕು. ಅದರಲ್ಲಿ ಅವಳು ಇದ್ದಾಳಲ್ಲ." ಅವನು ತಡೆದು ಹೇಳಿದ. "ಫೋಟೋ ಇಲ್ಲಾಂತ ಅಲ್ಲ. ಮದುವೆಯದ್ದು ಉಂಟು, ಪಾಸ್‌ಪೋರ್ಟಿನದ್ದು ಉಂಟು. ಫೋನಿನಲ್ಲಿ ತೆಗೆದದ್ದರಲ್ಲೆಲ್ಲ ಕೈ ಅಡ್ಡ ಹಿಡಿದುಕೊಂಡದ್ದೇ. ನಿನ್ನ ಆ ಕ್ಯಾಮೆರಾ ಪೆಟ್ಟಿಗೆಯ ಮುಂದೆ ಮಾತ್ರ ದಿನಾ ಹೋಗಿ ನಿಲ್ತಿದ್ದಳು. ಮೂರು ತಿಂಗಳು. ನಂಗೆ ಅದು ಬೇಕು."

"ಶನಿವಾರ ತರ್ತೇನೆ" ಎಂದಳು ಅಪರ್ಣಾ. ಅಂದ ಮೇಲೆ ಅವಳಿಗೆ ತಾನೇನು ಅಂದೆ ಎನ್ನುವುದು ಹೊಳೆಯಿತು. ಆ ಸಿನೆಮಾದಲ್ಲಿ ಅಮ್ಮ ಇರಲಿಲ್ಲ. ಅಮ್ಮ ಬಂದ ಒಂದೊಂದು ಚಿತ್ರವನ್ನೂ ಅವಳೇ ಕೈಯಾರೆ ಅಳಿಸಿದ್ದಳು.

ಅಳಿಸುವುದು ಅವಳ ಉದ್ಯೋಗ. ಕಟ್ಟಡ ಕಟ್ಟುವಲ್ಲಿ ಕಂಬ ನೆಟ್ಟು ಅದರ ತುದಿಗೆ ಪೆಟ್ಟಿಗೆಯಂಥ ಒಂದು ಕ್ಯಾಮೆರಾ ಕೂರಿಸುತ್ತಾರೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಹತ್ತು ನಿಮಿಷಕ್ಕೊಮ್ಮೆ ಅದು ಒಂದು ಚಿತ್ರ ತೆಗೆದು, ಒಳಗಿರುವ ಸಿಮ್ಮಿನ ಮೂಲಕ ಸ್ಟುಡಿಯೋದ ಸರ್ವರ್‌ಗೆ ಕಳಿಸುತ್ತದೆ. ದಿನಕ್ಕೆ ಎಪ್ಪತ್ತಮೂರು ಚಿತ್ರ. ಸೆಕೆಂಡಿಗೆ ಇಪ್ಪತ್ತೈದರಂತೆ ಸಾಲಾಗಿ ಓಡಿಸಿ ನೋಡಿದರೆ ಒಂದು ಇಡೀ ದಿನ ಮೂರು ಸೆಕೆಂಡಿಗೂ ಸ್ವಲ್ಪ ಕಡಿಮೆಯಲ್ಲಿ ಮುಗಿಯುತ್ತದೆ. ಎರಡು ವರ್ಷದ ಆಸ್ಪತ್ರೆ ಕಟ್ಟಡ ಆರಾಮವಾಗಿ ನೆಲದಿಂದ ಎದ್ದು ನಿಲ್ಲಬೇಕಾದರೆ ನಡುವೆ ಯಾವುದೂ ಚಕ್ಕನೆ ಬಂದು ಹೋಗಬಾರದು. ಲೆನ್ಸಿನ ಮೇಲೆ ಕೂತ ಕಾಗೆ, ಮಳೆಹನಿ, ಅಡ್ಡ ಬಂದ ಕ್ರೇನು, ಏಣಿ ಹತ್ತಿ ಗಾಜು ಒರೆಸಲು ಬಂದವನ ಮುಖ, ಎಲ್ಲವನ್ನೂ ದಿನದಿನವೇ ಹುಡುಕಿ ತೆಗೆಯಬೇಕು. ತೆಗೆದದ್ದನ್ನು ಕಂಪ್ಯೂಟರಿನ ಕಸದ ಬುಟ್ಟಿಯಲ್ಲೂ ಉಳಿಸುವಂತಿಲ್ಲ, ಸರ್ವರಿನಲ್ಲಿ ಜಾಗ ಸಾಲದು. ಸ್ಟುಡಿಯೋದಲ್ಲಿ ಇದಕ್ಕೆ ಕ್ಲೀನ್ ಮಾಡುವುದು ಎನ್ನುತ್ತಿದ್ದರು. ಅಪರ್ಣಾಳಷ್ಟು ಚೆನ್ನಾಗಿ ಕ್ಲೀನ್ ಮಾಡುವವರು ಅಲ್ಲಿ ಇನ್ನೊಬ್ಬರಿರಲಿಲ್ಲ.

ಅವಳು ಈ ಕೆಲಸಕ್ಕೆ ಬಿದ್ದದ್ದು ಕಾಲೇಜಿನ ಎರಡನೆಯ ವರ್ಷದಲ್ಲಿ ನೋಡಿದ ಒಂದು ವೀಡಿಯೋದಿಂದ. ಜರೀಗಿಡದ ಒಂದು ಎಳೆ ಸುರುಳಿ ಬಿಚ್ಚಿಕೊಳ್ಳುವುದು, ಅಷ್ಟೇ. ಮಲಗಿದ್ದವರು ಎದ್ದು ಮೈ ಮುರಿದು ಕೈ ಚಾಚುವ ಹಾಗೆ ಅದು ಬಿಚ್ಚಿಕೊಂಡಿತು. ಅಪರ್ಣಾ ಅದನ್ನು ಕೂತಲ್ಲೇ ಹನ್ನೊಂದು ಸಲ ನೋಡಿದಳು. ಚಿಕ್ಕಂದಿನಿಂದಲೂ ಅವಳು ಮಾತು ಕಡಿಮೆಯ ಹುಡುಗಿ. ಎದುರಿನವರು ಸುಮ್ಮನಿದ್ದರೆ ಅವರ ಒಳಗೆ ಏನು ನಡೆಯುತ್ತಿದೆಯೋ ಎಂದು ಯೋಚಿಸುತ್ತ ತಾನೂ ಸುಮ್ಮನಾಗುವವಳು. ನಿಂತಂತೆ ಕಾಣುವುದು ನಿಜವಾಗಿ ನಿಂತಿಲ್ಲ, ನೋಡುವವರಿಗೆ ತಾಳ್ಮೆ ಇಲ್ಲ ಎಂಬುದು ಕಣ್ಣಿಗೇ ಕಂಡಾಗ ಅವಳಿಗೆ ಯಾರೋ ತನ್ನ ಪರವಾಗಿ ಸಾಕ್ಷಿ ಹೇಳಿದಂತಾಗಿತ್ತು. ಅಂಥ ವೀಡಿಯೋಗಳಲ್ಲಿ ನಡೆದಾಡುವ ಮನುಷ್ಯರು ಕಾಣುವುದೇ ಇಲ್ಲ, ಕಂಡರೂ ಧೂಳಿನ ಹಾಗೆ ಹಾರಿಹೋಗುತ್ತಾರೆ. ಅದನ್ನು ಅವಳು ಆಗ ಗಮನಿಸಿರಲಿಲ್ಲ.

ಅಚ್ಯುತನ ಕೆಲಸ ಇದಕ್ಕೆ ತಿರುವುಮುರುವು. ಬಾಹ್ಯಾಕಾಶ ಕೇಂದ್ರದಲ್ಲಿ ಅವನು ಅತಿವೇಗದ ಕ್ಯಾಮೆರಾಗಳನ್ನು ನೋಡಿಕೊಳ್ಳುವವನು. ಒಂದು ವಾಲ್ವು ತೆರೆಯುವ ಎವೆಯಿಕ್ಕುವಷ್ಟು ಹೊತ್ತನ್ನು ಸಾವಿರಾರು ಚಿತ್ರಗಳಾಗಿ ಹಿಡಿದು, ಒಂದೊಂದನ್ನೇ ತಿರುವುತ್ತ ಬೆಳಗ್ಗಿನಿಂದ ಸಂಜೆಯವರೆಗೆ ಕೂರುತ್ತಿದ್ದ. "ಅಪ್ಪನಿಗೆ ಒಂದು ಸೆಕೆಂಡು ನೋಡ್ಲಿಕ್ಕೆ ಒಂದು ದಿನ ಬೇಕು, ಮಗಳಿಗೆ ಒಂದು ದಿನ ನೋಡ್ಲಿಕ್ಕೆ ಮೂರು ಸೆಕೆಂಡು ಸಾಕು" ಎಂದು ಅಮ್ಮ ಹರಿಣಾಕ್ಷಿ ನಗುತ್ತಿದ್ದಳು. "ನಿಮ್ಮಿಬ್ಬರ ನಡುವೆ ಗಡಿಯಾರ ನೋಡಿ ಅನ್ನ ಇಡುದು ನಾನೊಬ್ಬಳು."

ಅಮ್ಮ ಹೋಗುವುದಕ್ಕೆ ಮೂರು ತಿಂಗಳ ಮೊದಲು, ಡಿಸೆಂಬರಿನಲ್ಲಿ, ಸ್ಟುಡಿಯೋದಲ್ಲಿ ಮೂಲೆ ಸೇರಿದ್ದ ಒಂದು ಹಳೆಯ ಕ್ಯಾಮೆರಾ ಪೆಟ್ಟಿಗೆಯನ್ನು ಅಪರ್ಣಾ ಕೇಳಿ ಪಡೆದಳು. ಯಾರ ಕಟ್ಟಡವೂ ಅಲ್ಲದ, ತನ್ನದೇ ಒಂದು ಚಿತ್ರ ಮಾಡಬೇಕಿತ್ತು ಅವಳಿಗೆ. ಬೀಜದಿಂದ ಹಣ್ಣಿನವರೆಗೆ ಒಂದು ಗಾಂಧಾರಿ ಮೆಣಸಿನ ಗಿಡ. ಬೆರಳ ತುದಿಯಷ್ಟೇ ಇದ್ದು ಆಕಾಶಕ್ಕೆ ಮುಖ ಮಾಡಿ ನಿಲ್ಲುವ ಆ ಮೆಣಸು ಮನೆಯಲ್ಲಿ ಎಲ್ಲರಿಗೂ ಇಷ್ಟ. ಎಡಪ್ಪಳ್ಳಿಯ ಅವಳ ಹಾಸ್ಟೆಲ್ ಕೋಣೆಗೆ ಬಿಸಿಲು ಬರುತ್ತಿರಲಿಲ್ಲ. ಹಾಗಾಗಿ ಪೆಟ್ಟಿಗೆ ತಿರುವನಂತಪುರದ ಉಳ್ಳೂರಿನ ಮನೆಯ, ಮೂರನೆಯ ಮಹಡಿಯ ಅಡುಗೆಮನೆ ಬಾಲ್ಕನಿಗೆ ಬಂತು. ಹರಿಣಾಕ್ಷಿ ಬದಿಯಡ್ಕದ ತವರಿನಿಂದ ತಂದಿಟ್ಟಿದ್ದ ಬೀಜವನ್ನು ಚಟ್ಟಿಯಲ್ಲಿ ಊರಿದಳು.

"ಏ ಹುಡುಗೀ, ಇದು ಕಣ್ಣು ಮುಚ್ಚುದೇ ಇಲ್ವಾ?"

"ಹತ್ತು ನಿಮಿಷಕ್ಕೊಮ್ಮೆ ಮಾತ್ರ ತೆರೀತದೆ ಅಮ್ಮ. ಟಿಕ್ ಅಂತ ಕೇಳ್ತದೆ ನೋಡು."

"ಉಳಿದ ಹೊತ್ತು ಎಂತ ಮಾಡ್ತದೆ?"

"ಉರಕ್ಕಂ."

"ಕನ್ನಡದಲ್ಲಿ ಹೇಳು."

"ನಿದ್ರೆ."

"ಹಾಗಾದ್ರೆ ನಿನ್ನದೇ ಜಾತಿ."

ಮೊದಲ ವಾರವೇ ಜಗಳ ಶುರುವಾಯಿತು. ಮೊಳಕೆ ಎದ್ದದ್ದೇ ತಡ, ಹರಿಣಾಕ್ಷಿ ದಿನಾ ಬೆಳಿಗ್ಗೆ ನೀರು ಹಾಕಿ ಚಟ್ಟಿಯನ್ನು ಕಾಲು ಸುತ್ತು ತಿರುಗಿಸತೊಡಗಿದಳು. ಓಡಿಸಿ ನೋಡಿದರೆ ಗಿಡ ಮೂರು ಸೆಕೆಂಡಿಗೊಮ್ಮೆ ಬೆಚ್ಚಿಬಿದ್ದಂತೆ ಕಾಣುತ್ತಿತ್ತು.

"ಅಮ್ಮ, ಚಟ್ಟಿ ಮುಟ್ಟಬೇಡ ಅಂತ ಎಷ್ಟು ಸಲ ಹೇಳಿದೆ?"

"ತಿರುಗಿಸದಿದ್ರೆ ಅದು ಬೆಳಕಿನ ಕಡೆ ಓಡ್ತದೆ ಮಾರಾಯ್ತಿ. ಒಂದೇ ಕಡೆ ಬಿಸಿಲು, ಇನ್ನೊಂದು ಕಡೆ ಗೋಡೆ. ಸೊಂಟ ಡೊಂಕಾಗ್ತದೆ."

"ಆಗ್ಲಿ. ನಂಗೆ ಬೇಕಾದ್ದು ಅದೇ."

"ಗಿಡಕ್ಕೆ ಬೇಡ ಅಲ್ವಾ."

ಮುಂದಿನ ಸಲ ಬಂದಾಗ ಅಪರ್ಣಾ ಚಟ್ಟಿಯ ಮೇಲೂ ನೆಲದ ಮೇಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇದು ಇದಕ್ಕೆ ಸೇರಿಯೇ ಇರಬೇಕು ಎಂದು ಹೇಳಿ ಹೋದಳು. ಮರುದಿನ ಏಳೂ ಇಪ್ಪತ್ತರ ಚಿತ್ರದಲ್ಲಿ ಚಟ್ಟಿಯ ಗೆರೆ ಗೋಡೆಯ ಕಡೆಗಿತ್ತು.

ಆಮೇಲೆ ಹರಿಣಾಕ್ಷಿ ಕ್ಯಾಮೆರಾದ ಟಿಕ್ ಸದ್ದಿಗೆ ಹೊಂದಿಕೊಂಡಳು. ಗಡಿಯಾರ ನೋಡಿಕೊಂಡು, ಚಿತ್ರ ತೆಗೆಯುವ ಹೊತ್ತಿಗೆ ಸರಿಯಾಗಿ ಬಂದು ಎದುರು ನಿಲ್ಲತೊಡಗಿದಳು. ಮೊದಮೊದಲು ಮೊಣಕೈ, ಸೆರಗಿನ ಅಂಚು ಇಷ್ಟೇ ಕಾಣುತ್ತಿದ್ದವು. ಆಮೇಲೆ ಪೂರ್ತಿ ಮುಖ ಕಾಣತೊಡಗಿತು. ಆಮೇಲಾಮೇಲೆ ಕೈಯಲ್ಲಿ ಏನಾದರೊಂದು ಇರುತ್ತಿತ್ತು. ನೀರುದೋಸೆಯ ತಟ್ಟೆ, ಹೊಸ ಕನ್ನಡಕ, ಗೂಡಿನಿಂದ ಬಿದ್ದ ಪಾರಿವಾಳದ ಮೊಟ್ಟೆ.

"ನಿನ್ನೆ ಹತ್ತು ಗಂಟೆಯದ್ದರಲ್ಲಿ ನಾನು ಬಂದೆನಾ?" ಎಂದು ಫೋನಿನಲ್ಲಿ ಕೇಳುತ್ತಿದ್ದಳು.

"ಬಂದೆ."

"ಹೇಗಿತ್ತು?"

"ಅಳಿಸಿದೆ."

"ನೋಡಿ ಇವರೇ" ಎಂದು ಅವಳು ಅಚ್ಯುತನ ಕಡೆ ತಿರುಗಿ ಹೇಳುವುದು ಕೇಳಿಸುತ್ತಿತ್ತು. "ಹೆತ್ತ ತಾಯಿಯನ್ನೇ ಅಳಿಸ್ತಾಳೆ ಈ ಪುಣ್ಯಾತ್ಗಿತ್ತಿ!" ನಗು ನಿಲ್ಲುತ್ತಿರಲಿಲ್ಲ.

"ಯಾಕಮ್ಮ ಸುಮ್ಮನೆ ಬಂದು ನಿಲ್ತಿ?"

"ನಿಂಗೆ ಫೋನು ಮಾಡಿದ್ರೆ ಮೀಟಿಂಗು, ಆಮೇಲೆ ಮಾಡ್ತೇನೆ ಅಂತಿ. ಇದಕ್ಕೆ ಮೀಟಿಂಗು ಇಲ್ಲ. ಬೆಳಿಗ್ಗೆ ಬಂದ ಕೂಡಲೇ ಎಲ್ಲ ಒಂದೊಂದೇ ನೋಡ್ತಿ ಅಂತ ನೀನೇ ಅಲ್ವಾ ಹೇಳಿದ್ದು?"

ಅದು ನಿಜವಾಗಿತ್ತು. ಬೆಳಿಗ್ಗೆ ಎಂಟೂವರೆಗೆ ಸ್ಟುಡಿಯೋಕ್ಕೆ ಬಂದು ಅಪರ್ಣಾ ಮೊದಲು ಹಿಂದಿನ ದಿನದ ಎಪ್ಪತ್ತಮೂರನ್ನು ನೋಡುತ್ತಿದ್ದಳು. ಅಮ್ಮ ಬಂದದ್ದನ್ನು ಗುರುತು ಹಾಕಿ ಅಳಿಸಿ, ಬುಟ್ಟಿ ಖಾಲಿ ಮಾಡಿ ಮೇಲ್ಸೇತುವೆಗೆ ಹೋಗುತ್ತಿದ್ದಳು.

ತೊಂಬತ್ತನೆಯ ದಿನ ಹರಿಣಾಕ್ಷಿ ಒಂದು ಕಾಗದ ಹಿಡಿದು ನಿಂತಿದ್ದಳು. ದಪ್ಪ ಮಾರ್ಕರಿನಲ್ಲಿ ನಾಲ್ಕು ಸಾಲು, ಕನ್ನಡದಲ್ಲಿ. ತಿರುವನಂತಪುರದಲ್ಲೇ ಹುಟ್ಟಿ ಮಲಯಾಳಂ, ಇಂಗ್ಲಿಷುಗಳಲ್ಲಿ ಓದಿ ಬೆಳೆದ ಅಪರ್ಣಾಳಿಗೆ ಕನ್ನಡ ಬಾಯಲ್ಲಿತ್ತು, ಕಣ್ಣಿಗೆ ಒಗ್ಗಿರಲಿಲ್ಲ. ಹತ್ತು ವರ್ಷದವಳಾಗುವವರೆಗೆ ರಜೆಯಲ್ಲಿ ಅಮ್ಮ ಕೂರಿಸಿಕೊಂಡು ಕಲಿಸಿದ್ದು. ಒಂದೊಂದೇ ಅಕ್ಷರ ಹಿಡಿದು ಓದಬೇಕು, ಅದರಲ್ಲೂ ಕೈಬರಹವಾದರೆ ಇನ್ನಷ್ಟು ಹೊತ್ತು. ಮರುದಿನ ಬೆಳಿಗ್ಗೆ ಮೇಲ್ಸೇತುವೆಯ ಚಿತ್ರವನ್ನು ಹತ್ತು ಗಂಟೆಗೆ ಕಳಿಸುವುದಿತ್ತು. ಹಿಂದಿನ ದಿನದ್ದರಲ್ಲಿ ಅಮ್ಮ ಇದ್ದ ಮೂರು ಚಿತ್ರಗಳನ್ನೂ ಅವಳು ಒಟ್ಟಿಗೇ ಗುರುತು ಹಾಕಿ ಅಳಿಸಿಬಿಟ್ಟಳು.

ಸಂಜೆ ಫೋನು ಬಂತು.

"ನಿನ್ನೆಯದ್ದು ನೋಡಿದೆಯಾ?"

"ಹ್ಞೂ."

"ಓದಿದೆಯಾ?"

"ಓದಿದೆ ಅಮ್ಮ."

"ಹಾಗಾದ್ರೆ ಎಂತ ಹೇಳ್ತಿ?"

"ಆಯ್ತು."

"ಆಯ್ತಾ? ನಿಜವಾಗಿ?"

"ಹ್ಞೂ ಅಮ್ಮ, ಆಯ್ತು."

"ಸರಿ ಮಗಾ" ಎಂದಳು ಹರಿಣಾಕ್ಷಿ. ಹೊತ್ತ ಕೊಡಪಾನವನ್ನು ಕೆಳಗಿಳಿಸಿದವಳ ಉಸಿರಿನಂತಿತ್ತು ಆ ಮಾತು. ಏನು ಬರೆದಿದ್ದಳೆಂದು ನಾಳೆ ಉಪಾಯವಾಗಿ ಕೇಳಬೇಕು ಎಂದುಕೊಂಡಳು ಅಪರ್ಣಾ. ಮರುದಿನ ಕೇಳಲಿಲ್ಲ, ಅದರ ಮರುದಿನವೂ ಕೇಳಲಿಲ್ಲ.

ತೊಂಬತ್ತಾರನೆಯ ದಿನ ಗುರುವಾರ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಉಳ್ಳೂರು ಜಂಕ್ಷನ್ನಿನ ತರಕಾರಿ ಅಂಗಡಿಯ ಮುಂದೆ ಹರಿಣಾಕ್ಷಿ ಕುಸಿದು ಕೂತಳು. ಅಂಗಡಿಯವನು "ಚೇಚಿ, ಚೇಚಿ" ಎಂದು ಅಕ್ಕನನ್ನು ಕರೆದಂತೆ ಕೂಗುತ್ತಿದ್ದ. ಆಟೋದಲ್ಲಿ ಎತ್ತಿ ಮಲಗಿಸುವಷ್ಟರಲ್ಲೇ ಹೃದಯ ನಿಂತಿತ್ತು. ಅವಳ ಕೈಚೀಲದಲ್ಲಿ ಒಂದು ಕಟ್ಟು ಹರಿವೆ ಇತ್ತು ಎಂದು ಆಮೇಲೆ ಯಾರೋ ಹೇಳಿದರು.

ಅಂದಿನಿಂದ ಅಪರ್ಣಾ ಆ ಫೋಲ್ಡರನ್ನು ತೆರೆದಿರಲಿಲ್ಲ.

ಈಗ ತೆರೆದಳು. ಮೊದಲು ಅಮ್ಮ ಎಲ್ಲಿಯಾದರೂ ತಪ್ಪಿ ಉಳಿದಿದ್ದಾಳೆಯೇ ಎಂದು ತೊಂಬತ್ತಾರು ದಿನಗಳನ್ನೂ ಒಂದೊಂದು ಚಿತ್ರವಾಗಿ ನೋಡಿದಳು. ಅದಕ್ಕೆ ಎರಡು ಹಗಲು ಹಿಡಿಯಿತು. ಎಲ್ಲೂ ಇರಲಿಲ್ಲ; ಅವಳು ಅಳಿಸಲು ಕೂತಿರದ ಆ ಕೊನೆಯ ಗುರುವಾರವೂ ಅಮ್ಮ ಎರಡು ಟಿಕ್‌ಗಳ ನಡುವೆ ಚಟ್ಟಿ ತಿರುಗಿಸಿ ಹೋಗಿದ್ದಳು. ನೆಲದಲ್ಲಿ ಆಗಷ್ಟೇ ಚೆಲ್ಲಿದ ನೀರು ಇತ್ತು. ಹಗ್ಗದಲ್ಲಿ ಒಣಗುವ ಸೀರೆ ದಿನಕ್ಕೊಂದು ಬಣ್ಣಕ್ಕೆ ತಿರುಗುತ್ತಿತ್ತು. ಮೂಲೆಯಲ್ಲಿ ಒಂದು ಚಿತ್ರದಲ್ಲಿ ಇಲ್ಲದ ಪೊರಕೆ ಮುಂದಿನದ್ದರಲ್ಲಿ ಇರುತ್ತಿತ್ತು. ಅಮ್ಮ ಈಗಷ್ಟೇ ಒಳಗೆ ಹೋದಳು ಎನ್ನುವ ಹಾಗಿತ್ತು ಒಂದೊಂದೂ. ತನ್ನ ಕೆಲಸವನ್ನು ಅವಳು ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದಳು.

ತೊಂಬತ್ತಾರನೆಯ ದಿನದ ನಂತರವೂ ಚಿತ್ರಗಳಿದ್ದವು. ಪೆಟ್ಟಿಗೆಗೆ ಯಾರೂ ಹೇಳಿರಲಿಲ್ಲ. ಸಿಮ್ಮಿನ ಅವಧಿ ಮುಗಿಯುವವರೆಗೆ ಅದು ಇನ್ನೂ ಇಪ್ಪತ್ತನಾಲ್ಕು ದಿನ ಹತ್ತು ನಿಮಿಷಕ್ಕೊಮ್ಮೆ ಕಣ್ಣು ತೆರೆದು ಮುಚ್ಚಿತ್ತು. ಅವನ್ನು ಅವಳು ಕ್ಲೀನ್ ಮಾಡಿರಲಿಲ್ಲ. ಇಲ್ಲಿ ಏನಾದರೂ ಅಡ್ಡ ಬಂದಿದ್ದರೆ ಅದು ಹಾಗೆಯೇ ಇರಬೇಕು. ಸಾವಿರದ ಏಳುನೂರ ಐವತ್ತೆರಡು ಚಿತ್ರಗಳನ್ನು ತಿರುವಿದಳು. ಒಂದು ಕೈ ಇಲ್ಲ, ಒಂದು ಸೆರಗಿಲ್ಲ. ಅಪ್ಪ ನೀರು ಹಾಕಿದ್ದು ದಿನಾ ಸಂಜೆ, ಆರು ಗಂಟೆ ಕಳೆದು, ಪೆಟ್ಟಿಗೆ ಕಣ್ಣು ಮುಚ್ಚಿದ ಮೇಲೆ. ಅಳಿಸಬೇಕಾದ ಒಂದೇ ಒಂದು ಚಿತ್ರ ಅಲ್ಲಿರಲಿಲ್ಲ. ಅಪರ್ಣಾ ಕುರ್ಚಿಯಿಂದ ಎದ್ದು ಹೋಗಿ ನೀರು ಕುಡಿದು ಬಂದಳು.

ಪಕ್ಕದ ಮೇಜಿನ ಕಿಶನ್ ಸುಳ್ಯದವನು, ಸ್ಟುಡಿಯೋದಲ್ಲಿ ಅವಳೊಡನೆ ಕನ್ನಡ ಮಾತಾಡುವ ಒಬ್ಬನೇ. ಅವನಿಗೆ ವಿಷಯ ಹೇಳಬೇಕಾಯಿತು.

"ಅಳಿಸಿದ್ದನ್ನು ವಾಪಸ್ ತರ್ಲಿಕ್ಕೆ ಆಗ್ತದಾ?"

ಅವನು ಅರ್ಧ ದಿನ ಸರ್ವರಿನಲ್ಲಿ ಕೈಯಾಡಿಸಿದ. "ಇಲ್ಲ ಮಾರಾಯ್ತಿ. ಒಂದು ವರ್ಷ ಆಯ್ತು. ಆ ಜಾಗದ ಮೇಲೆ ಅದೆಷ್ಟೋ ಫ್ಲಾಟು, ಅದೆಷ್ಟೋ ಸೇತುವೆ ಬಂದು ಕೂತಾಗಿದೆ. ಪೆಟ್ಟಿಗೆಯ ಕಾರ್ಡು?"

"ಅದು ತುಂಬಿದ ಹಾಗೆ ಹಳೇದರ ಮೇಲೆಯೇ ಬರೀತದೆ. ಕೊನೆಯ ಹದಿನೈದು ದಿನ ಮಾತ್ರ ಉಂಟು."

ಕಿಶನ್ ಕತ್ತು ತುರಿಸಿಕೊಂಡ. "ಒಂದು ಕೆಲಸ ಮಾಡುವ. ಅಮ್ಮನ ಫೋಟೋ ಉಂಟಲ್ಲ? ಈಗೆಲ್ಲ ಫೋಟೋ ಕೊಟ್ಟರೆ ಸಾಕು, ಎಐಯೇ ನಡೆಸ್ತದೆ, ನಗಿಸ್ತದೆ. ಗಿಡದ ಪಕ್ಕ ನಿಲ್ಲಿಸಿ, ನೀರು ಹಾಕಿಸುವ. ಒಂದೊಂದು ಚಿತ್ರ ಸೆಕೆಂಡಿನ ಇಪ್ಪತ್ತೈದರಲ್ಲಿ ಒಂದು ಪಾಲು. ಅಷ್ಟರಲ್ಲಿ ಅಂಕಲ್‌ಗೆ ಹೇಗೆ ಗೊತ್ತಾಗ್ತದೆ?"

"ಅಪ್ಪನ ಕೆಲಸ ಏನೂಂತ ನಿಂಗೆ ಗೊತ್ತಿಲ್ಲ" ಎಂದಳು ಅಪರ್ಣಾ. ಆದರೂ ಬೇಡವೆನ್ನಲಿಲ್ಲ.

ಪಾಸ್‌ಪೋರ್ಟಿನ ಫೋಟೋದಿಂದ ಎದ್ದುಬಂದ ಹೆಂಗಸು ಬಾಲ್ಕನಿಯಲ್ಲಿ ನಿಂತು ಮುಗುಳ್ನಕ್ಕಳು. ಮೂಗು ಅಮ್ಮನದೇ, ಕುಂಕುಮವೂ ಅದೇ ಜಾಗದಲ್ಲಿ. ಅವಳು ಚೊಂಬನ್ನು ಎತ್ತರದಲ್ಲಿ ಹಿಡಿದು ಎಲೆಗಳ ಮೇಲೆ ನೀರು ಸುರಿದಳು. ಅಮ್ಮ ಯಾವತ್ತೂ ಹಾಗೆ ಸುರಿಯುತ್ತಿರಲಿಲ್ಲ. ಒಂದು ಅಂಗೈಯನ್ನು ಬುಡದಲ್ಲಿಟ್ಟು, ನೀರು ಅದರ ಮೇಲೆ ಬಿದ್ದು ಮಣ್ಣಿಗೆ ಜಾರುವಂತೆ ಹಾಕುತ್ತಿದ್ದಳು. ಅಪರ್ಣಾಳಿಗೆ ಅದು ಗೊತ್ತಿದ್ದದ್ದು ತಾನು ಅಳಿಸಿದ ಚಿತ್ರಗಳಿಂದ.

"ಬೇಡ" ಎಂದಳು. "ತೆಗೆದುಬಿಡು ಇದನ್ನು."

"ಸಾರಿ" ಎಂದ ಕಿಶನ್.

ಶನಿವಾರ ಬೆಳಿಗ್ಗೆ ಮೆಟ್ರೋ ಹಿಡಿದು ಆಲುವಕ್ಕೆ ಹೋಗಿ ರೈಲು ಹತ್ತಿದಳು. ಮಡಿಲಲ್ಲಿ ಲ್ಯಾಪ್‌ಟಾಪು ಇತ್ತು, ಅದರೊಳಗೆ ಐದು ನಿಮಿಷ ನಲವತ್ತೆರಡು ಸೆಕೆಂಡಿನ ಸಿನೆಮಾ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತ ಬಂದಳು. ಕಂಪ್ಯೂಟರು ಹಾಳಾಯಿತು ಅನ್ನಬಹುದು. ಸರ್ವರಿನವರು ತೆಗೆದರು ಅನ್ನಬಹುದು. ಅಪ್ಪ ನಂಬುತ್ತಿದ್ದ. ನಂಬಿ, ಅದಕ್ಕೂ ಏನೂ ಹೇಳದೆ ಸುಮ್ಮನಿರುತ್ತಿದ್ದ.

ಮನೆಯಲ್ಲಿ ಅಚ್ಯುತ ಎಲ್ಲ ಸಿದ್ಧ ಮಾಡಿಟ್ಟಿದ್ದ. ಊಟದ ಮೇಜಿನ ಒಂದೇ ಪಕ್ಕಕ್ಕೆ ಎರಡು ಕುರ್ಚಿ ಎಳೆದು, ಕಿಟಕಿಯ ಪರದೆ ಮುಚ್ಚಿದ್ದ. ಜಂಕ್ಷನ್ನಿನಿಂದ ತಂದ ಬಾಳೆಹಣ್ಣಿನ ಪಳಂಪೊರಿಯ ಪೊಟ್ಟಣ ಎಣ್ಣೆ ಬಿಟ್ಟುಕೊಂಡು ತಟ್ಟೆಯಲ್ಲಿ ಕೂತಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಅದನ್ನು ಕಂಡು ಅಪರ್ಣಾಳಿಗೆ ತಾನು ಜೋಡಿಸಿಕೊಂಡು ಬಂದ ಒಂದು ಮಾತೂ ಬಾಯಿಗೆ ಬರಲಿಲ್ಲ.

"ಹಾಕು" ಎಂದ ಅವನು ಕನ್ನಡಕ ಒರೆಸಿಕೊಳ್ಳುತ್ತ.

ಹಾಕಿದಳು. ಚಟ್ಟಿ, ಕಪ್ಪು ಮಣ್ಣು. ಬೆಳಕು ಬಂದು ಹೋಗಿ ಬಂದು ಹೋಗಿ ಮಾಡಿತು. ಮಣ್ಣು ಒಡೆದು ಒಂದು ಹಸಿರು ಕೊಕ್ಕೆ ತಲೆಯೆತ್ತಿತು, ಎರಡು ಎಲೆಯಾಗಿ ಬಿಚ್ಚಿಕೊಂಡಿತು. ಎಲೆಗಳು ಸಂಜೆಗೆ ಇಳಿಯುತ್ತ ಬೆಳಿಗ್ಗೆಗೆ ಏಳುತ್ತ ಉಸಿರಾಡಿದವು. ಮೂರು ಸೆಕೆಂಡಿಗೊಮ್ಮೆ ಚಟ್ಟಿ ಚಕ್ಕನೆ ತಿರುಗುತ್ತಿತ್ತು, ಗಿಡ ಬೆಚ್ಚುತ್ತಿತ್ತು. ಹಿಂದೆ ಹಗ್ಗದ ಮೇಲೆ ಸೀರೆಗಳು ಬಣ್ಣ ಬದಲಿಸುತ್ತಿದ್ದವು. ಅಚ್ಯುತ ಕುರ್ಚಿಯ ತುದಿಗೆ ಬಂದು ಮುಂದೆ ಬಾಗಿ ಕೂತಿದ್ದ. ಒಂದೊಂದು ಸಲ ಚಟ್ಟಿ ತಿರುಗಿದಾಗಲೂ ಅವನ ಗದ್ದ ಸ್ವಲ್ಪ ಮೇಲೇಳುತ್ತಿತ್ತು, ಈಗ ಬರುತ್ತಾಳೆ ಎನ್ನುವ ಹಾಗೆ. ಅಪರ್ಣಾ ಪರದೆಯನ್ನು ನೋಡುವುದನ್ನು ಬಿಟ್ಟು ಆ ಗದ್ದವನ್ನು ನೋಡುತ್ತಿದ್ದಳು.

ನಾಲ್ಕೂವರೆ ನಿಮಿಷ ಕಳೆದಾಗ ಚಿತ್ರ ನುಣುಪಾಯಿತು. ಗಿಡ ಬೆಚ್ಚುವುದು ನಿಂತಿತು. ಕಾಂಡ ಮೆಲ್ಲನೆ ಬಾಗಿಲ ಗೋಡೆಯನ್ನು ಬಿಟ್ಟು ಬಾಲ್ಕನಿಯ ಸರಳುಗಳ ಕಡೆ, ಬೆಳಕಿನ ಕಡೆ ವಾಲತೊಡಗಿತು. ಎಲ್ಲೂ ತಡೆಯದೆ, ಒಂದೇ ಬಾಗಿನಲ್ಲಿ, ಯಾರನ್ನೋ ಹುಡುಕಿಕೊಂಡು ಹೊರಟಂತೆ ವಾಲಿತು. ಬಿಳಿ ಹೂಗಳು ಉದುರಿದವು, ಸೂಜಿಯಂಥ ಕಾಯಿಗಳು ಮೇಲೆದ್ದವು, ಕೆಂಪಾದವು. ಅಪರ್ಣಾ ಮೊದಲ ದಿನದಿಂದ ಬಯಸಿದ್ದು ಇಂಥದ್ದೇ ಚಿತ್ರವನ್ನು.

"ನಿಲ್ಲಿಸು" ಎಂದ ಅಚ್ಯುತ. "ಹಿಂದೆ ಹೋಗು. ಇನ್ನೂ ಹಿಂದೆ. ಒಂದೊಂದೇ ಬಿಡು."

ಅವಳು ಒಂದೊಂದೇ ಚಿತ್ರ ಬಿಟ್ಟಳು. ಅವನು ಬೆರಳನ್ನು ಪರದೆಗೆ ತಾಗಿಸಿದ.

"ಇಲ್ಲಿ. ಇದು ಆ ಗುರುವಾರ."

ಚಿತ್ರದಲ್ಲಿ ತಾರೀಖು ಇರಲಿಲ್ಲ. ಅವಳೇ ತೆಗೆದಿದ್ದಳು. "ಹೌದು" ಎಂದಳು.

"ಬೆಳಿಗ್ಗೆ ತಿರುಗಿಸಿ ಹೋಗಿದ್ದಾಳೆ. ಆಮೇಲೆ ತಿರುಗಲೇ ಇಲ್ಲ." ಅವನು ಬೆರಳು ತೆಗೆಯಲಿಲ್ಲ. "ನಾನು ನೀರು ಹಾಕಿದೆ. ತಿರುಗಿಸಬೇಕೂಂತ ನಂಗೆ ಗೊತ್ತಿರಲಿಲ್ಲ ಮಗಳೇ. ದಿನಾ ಸಂಜೆ ಅದರ ಪಕ್ಕದಲ್ಲೇ ಚಾ ಕುಡೀತಿದ್ದೆ. ಒಂದು ದಿನವೂ ನೋಡಿರಲಿಲ್ಲ."

ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತ ಶುರುವಾಯಿತು, ಸ್ವಲ್ಪ ಹೊತ್ತಿಗೆ ನಿಂತಿತು.

"ಅವಳೆಲ್ಲಿ?" ಎಂದು ಕೇಳಿದ ಅವನು. ದನಿಯಲ್ಲಿ ಆಕ್ಷೇಪವಿರಲಿಲ್ಲ. ಆಫೀಸಿನಲ್ಲಿ ಒಂದು ಚಿತ್ರ ಕಡಿಮೆ ಬಿದ್ದರೆ ಕೇಳುವ ಹಾಗೆ ಕೇಳಿದ.

"ಅಳಿಸಿದೆ ಅಪ್ಪ. ಎಲ್ಲ. ಬಂದ ಹಾಗೆ ಬಂದ ಹಾಗೆ ನಾನೇ ಅಳಿಸಿದೆ. ಕೆಲಸ ಹಾಗೆ ಅಂತ. ಅಡ್ಡ ಬಂದದ್ದನ್ನು..."

"ಅವಳು ಹೇಳ್ತಿದ್ದಳು" ಎಂದ ಅಚ್ಯುತ. "ಅಳಿಸ್ತಾಳೆ ಅಂತ. ತಮಾಷೆ ಅಂತ ತಿಳ್ಕೊಂಡಿದ್ದೆ. ಎಷ್ಟಿತ್ತು?"

"ಇನ್ನೂರು ಇರಬಹುದು."

ಅವನ ತುಟಿ ಅಲ್ಲಾಡಿತು. ಭಾಗಿಸುತ್ತಿದ್ದ. "ಎಂಟು ಸೆಕೆಂಡು."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಎಂಟು ಸೆಕೆಂಡಿನಲ್ಲಿ ಎಷ್ಟು ನೋಡಬಹುದು ಎನ್ನುವುದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಊರಿನಲ್ಲಿ ಹೆಚ್ಚು ಮಂದಿ ಇರಲಿಲ್ಲ. ಅಪರ್ಣಾ ಬಯ್ಗುಳಕ್ಕಾಗಿ ಕಾದಳು. ಬಯ್ದಿದ್ದರೆ ಚೆನ್ನಾಗಿತ್ತು.

"ಅಳಿಸಬೇಕಾದ್ರೆ ನೋಡಬೇಕಲ್ಲ" ಎಂದ ಅವನು ಕೊನೆಗೆ. "ನೋಡದೆ ಅಳಿಸ್ಲಿಕ್ಕೆ ಆಗುದಿಲ್ಲ. ನೀನು ನೋಡಿದ್ದಿ. ನಾನು ನೋಡ್ಲಿಲ್ಲ, ನಾನು ಆ ಹೊತ್ತಿಗೆ ಆಫೀಸಿನಲ್ಲಿರ್ತಿದ್ದೆ. ಹೇಳು ನಂಗೆ, ಒಂದೊಂದೇ."

ಅವಳು ಹೇಳಿದಳು. ಮೊದಲನೆಯದ್ದರಲ್ಲಿ ಮೊಣಕೈ ಮಾತ್ರ. ಯಾವ ಸೀರೆ, ಎಂದು ಕೇಳಿದ. ಸೀರೆಯಲ್ಲ, ಹಸಿರು ನೈಟಿ. ಎರಡನೆಯದ್ದು ಬೆನ್ನು, ಜಡೆ ಬಿಚ್ಚಿತ್ತು. ಒಂದರಲ್ಲಿ ಲೆನ್ಸಿಗೆ ತೀರ ಹತ್ತಿರ ಬಂದು ಒಂದು ಕಣ್ಣು ಮಾತ್ರ. ಒಂದರಲ್ಲಿ ದೋಸೆ. ಒಂದರಲ್ಲಿ ಆಕಳಿಕೆ. ಪಾರಿವಾಳದ ಮೊಟ್ಟೆ. ಹೊಸ ಕನ್ನಡಕ, ಹಣೆಯ ಮೇಲೆ ಏರಿಸಿಕೊಂಡದ್ದು. ಬುಡದಲ್ಲಿ ಅಂಗೈ ಇಟ್ಟು ನೀರು ಹಾಕುವುದು, ಅದು ಬಹಳ ಸಲ ಇತ್ತು. ಒಂದರಲ್ಲಿ ಅವಳು ನಗುತ್ತಿದ್ದಳು, ಹಿಂದೆ ಯಾರೋ ಕರೆದಂತೆ ಅರ್ಧ ತಿರುಗಿ. ಅಚ್ಯುತ ಕಣ್ಣು ಮುಚ್ಚಿ ಕೇಳುತ್ತಿದ್ದ. ಹದಿನೇಳೋ ಹದಿನೆಂಟೋ ಆದ ಮೇಲೆ ಅಪರ್ಣಾ ತಡವರಿಸಿದಳು. ಮಿಕ್ಕವನ್ನು ಅವಳು ಕೈಗಳೆಂದು, ಸೆರಗೆಂದು, ಅಡ್ಡ ಬಂದದ್ದೆಂದು ಮಾತ್ರ ನೋಡಿದ್ದಳು. ಕಟ್ಟಿ ಹೇಳಬಹುದಿತ್ತು. ನೀಲಿ ಸೀರೆ ಎಂದರೆ ಅವನು ನೀಲಿ ಸೀರೆಯನ್ನೇ ನೋಡುತ್ತಿದ್ದ.

"ಮುಂದಿನದು?" ಎಂದ ಅವನು.

"ಒಂದರಲ್ಲಿ ಕಾಗದ ಹಿಡಿದು ನಿಂತಿದ್ದಳು."

ಅಚ್ಯುತ ಕಣ್ಣು ತೆರೆದ. "ಮಾರ್ಕರ್ ನಾನೇ ಆಫೀಸಿನಿಂದ ತಂದುಕೊಟ್ಟದ್ದು. ಎಂತ ಬರೀತಿ ಅಂತ ಕೇಳಿದೆ. 'ನಿಮಗಲ್ಲ, ಅವಳಿಗೆ' ಅಂದಳು. ಮರುದಿನ ಸಂಜೆ ನಿಂಗೆ ಫೋನು ಮಾಡಿದ ಮೇಲೆ ಬಹಳ ಖುಷಿಯಲ್ಲಿದ್ದಳು. ಅಪರ್ಣಾ ಒಪ್ಪಿದಳು ಅಂದಳು. ಎಂತಕ್ಕೆ ಅಂತ ಹೇಳ್ಲಿಲ್ಲ." ಅವನು ಅವಳ ಕಡೆ ತಿರುಗಿ ಕೂತ. "ಎಂತ ಬರೆದಿದ್ದಳು ಮಗಳೇ?"

ಪರದೆಯ ಮೇಲೆ ಗಿಡ ಆ ಗುರುವಾರದ ಬೆಳಿಗ್ಗೆಯಲ್ಲೇ ನಿಂತಿತ್ತು, ನೆಟ್ಟಗೆ.

"ನಾಲ್ಕು ಸಾಲು ಇತ್ತು, ಕನ್ನಡದಲ್ಲಿ" ಎಂದಳು ಅಪರ್ಣಾ. "ನಾನು ಓದಲಿಲ್ಲ ಅಪ್ಪ. ಹೊತ್ತಿರಲಿಲ್ಲ. ಓದಿದೆ ಅಂತ ಹೇಳಿದೆ. ಆಯ್ತು ಅಂತ ಹೇಳಿದೆ."

ಅಚ್ಯುತ ಎದ್ದು ಬಾಲ್ಕನಿಯ ಬಾಗಿಲು ತೆರೆದ. ಗಿಡ ಅಲ್ಲೇ ಇತ್ತು. ಸೊಂಟ ಡೊಂಕಾಗಿ, ಕಾಂಡ ಬಲಿತು, ಸರಳುಗಳ ಆಚೆಗೆ ಅರ್ಧ ಚಾಚಿಕೊಂಡಿತ್ತು. ಬೀಳದಂತೆ ಅವನು ಒಂದು ನೈಲಾನ್ ದಾರದಿಂದ ಕಟ್ಟಿದ್ದ. ಅವನು ಕುಕ್ಕರಗಾಲಲ್ಲಿ ಕೂತು ದಾರ ಬಿಚ್ಚಿ, ಚಟ್ಟಿಯನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಲು ನೋಡಿದ. ಕೊಂಬೆಗಳು ಸರಳುಗಳ ಸಂದಿಯಲ್ಲಿ ಹೆಣೆದುಕೊಂಡಿದ್ದವು. ಒಂದು ಚಟ್ ಎಂದಿತು. ಅವನು ಕೈಬಿಟ್ಟ.

"ಇನ್ನು ಆಗುದಿಲ್ಲ" ಎಂದು, ದಾರವನ್ನು ಮೊದಲಿದ್ದ ಹಾಗೆ ಮತ್ತೆ ಕಟ್ಟತೊಡಗಿದ. ಅಪರ್ಣಾ ಅವನ ಪಕ್ಕ ಬಂದು ಕೂತು, ಗಂಟು ಬೀಳುವವರೆಗೆ ಕಾಂಡವನ್ನು ಹಿಡಿದುಕೊಂಡಳು.